ಕಳೆ ಎಣ್ಣೆಗೆ ತೊಗರಿಯೂ ಕಳೆಯೇ

(ಸೊಕ್ಕೆಯಲ್ಲಿ ರೈತರ ಮುಂದೆ ಆಡಿದ ಮಾತುಗಳ ಬರಹರೂಪ)



ಬೆಲೆಯ ವಿಷಯ ಮಾತಾಡ್ತಾರೆ ಅಂತ ನೀವೆಲ್ಲ ಕೂಡಿದ್ದೀರಿ. ಬೆಲೆಯ ವಿಷಯವನ್ನೇ ಮಾತಾಡ್ತೀನಿ. ಆದರೆ ಇವತ್ತು ನಾವು ಮಾರುವ ಮಾಲಿನ ಬೆಲೆಯಲ್ಲ, ನಾವು ಕೊಳ್ಳುವ ಮಾಲಿನ ಬೆಲೆ. 2025-26ನೇ ಸಾಲಿಗೆ ಮೆಕ್ಕೆಜೋಳಕ್ಕೆ ಕೇಂದ್ರ ಸರ್ಕಾರ ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ. 2025ರ ನವೆಂಬರಿನಲ್ಲಿ ಕಣದ ಜೋಳ ಪೇಟೆಗೆ ಹೋದಾಗ ಆ ಬೆಲೆ ಕಣ್ಣಿಗೂ ಕಾಣಲಿಲ್ಲ ಅನ್ನೋದನ್ನ ನಾನು ನಿಮಗೆ ಹೇಳಬೇಕಾಗಿಲ್ಲ. ಮಾರುವ ಬೆಲೆ ನಮ್ಮ ಕೈಯಲ್ಲಿ ಇಲ್ಲ, ಅದಕ್ಕೆ ಹೋರಾಟ ಮಾಡಬೇಕು, ಮಾಡ್ತಾ ಇದ್ದೀವಿ. ಆದರೆ ಅಂಗಡಿಯಿಂದ ಉದ್ರಿ ತಂದ ಬಾಟಲಿಯನ್ನ ಹೊಲಕ್ಕೆ ಸುರಿಯಬೇಕೋ ಬೇಡವೋ ಅನ್ನೋದು ಇನ್ನೂ ನಮ್ಮ ಕೈಯಲ್ಲೇ ಇದೆ. ಅದರಲ್ಲಿ ಒಂದೇ ಒಂದು ಬಾಟಲಿಯ ಮಾತು ಇವತ್ತು: ಮೆಕ್ಕೆಜೋಳದ ಸಾಲಿಗೆ ಹೊಡೆಯುವ ಕಳೆ ಎಣ್ಣೆ, 2,4-ಡಿ.

ಎಣ್ಣೆ ಅಂತೀವಿ, ಔಷಧಿ ಅಂತೀವಿ. ಎರಡೂ ಅಲ್ಲ ಅದು. ನಾವೇ ಇಂಥ ಒಳ್ಳೆ ಹೆಸರು ಕೊಟ್ಟು ಮನೆಯೊಳಗೆ ಕರಕೊಂಡಿದ್ದೀವಿ. ಇರಲಿ, ಎಲ್ಲರ ಬಾಯಲ್ಲಿ ಇರೋ ಹೆಸರನ್ನೇ ನಾನೂ ಆಡ್ತೀನಿ.

ಮೊದಲು ಒಂದು ಪ್ರಶ್ನೆ. ಅದೇ ಹೊಲ, ಅದೇ ಪಂಪು, ಅದೇ ನೀರು. ಜೋಳದ ಮೇಲೂ ಬೀಳುತ್ತೆ, ಕಳೆಯ ಮೇಲೂ ಬೀಳುತ್ತೆ. ಕಳೆ ಸಾಯುತ್ತೆ, ಜೋಳ ಹಾಗೇ ನಿಂತಿರುತ್ತೆ. ಯಾಕೆ? ಎಣ್ಣೆಗೆ ಇದು ಬೆಳೆ, ಇದು ಕಳೆ ಅಂತ ಗೊತ್ತಾಗುತ್ತದೆಯೇ? ಖಂಡಿತಾ ಇಲ್ಲ. ಅದಕ್ಕೆ ಗೊತ್ತಿರೋದು ಒಂದೇ ಭೇದ, ಆ ಭೇದ ನಿಮ್ಮ ಮನೆಯ ಬೀಸುವ ಕಲ್ಲಿಗೂ ಗೊತ್ತು. ತೊಗರಿ ಹಾಕಿ ಬೀಸಿದರೆ ಎರಡು ಬೇಳೆ ಆಗುತ್ತೆ. ಕಡಲೆ, ಹೆಸರು, ಅಲಸಂದಿ, ಅವರೆ, ಎಲ್ಲ ಹಾಗೆಯೇ. ಶೇಂಗಾ ಬೀಜ ಸುಲಿದರೂ ಎರಡು ಹೋಳು. ಜೋಳ, ರಾಗಿ, ನವಣೆ, ಮೆಕ್ಕೆಜೋಳ ಹಾಕಿ ಬೀಸಿದರೆ ನುಚ್ಚಾಗುತ್ತೆ, ಹಿಟ್ಟಾಗುತ್ತೆ, ಬೇಳೆ ಆಗೋದಿಲ್ಲ. ಬೇಳೆಯಾಗದ ಜಾತಿಗೆ ಎಲೆ ಉದ್ದ, ಕಿರಿದು, ಹುಲ್ಲಿನ ಹಾಗೆ. ಎರಡು ಬೇಳೆಯ ಜಾತಿಗೆ ಎಲೆ ಅಗಲ. ಹತ್ತಿ, ಸೂರ್ಯಕಾಂತಿ, ಟೊಮ್ಯಾಟೊ, ಮೆಣಸಿನಕಾಯಿ ಬೇಳೆ ಮಾಡುವ ಕಾಳಲ್ಲ, ಆದರೂ ಮೊಳಕೆಯಲ್ಲಿ ಎರಡು ಎಲೆ ಬಿಚ್ಚಿಕೊಂಡು ಬರ್ತಾವಲ್ಲ, ಅವೂ ಅದೇ ಜಾತಿ. ಕಳೆಯಲ್ಲೂ ಹಾಗೆಯೇ ಎರಡು ಪಂಗಡ. ಅಣ್ಣೆ, ಗೋಣಿಸೊಪ್ಪು, ಉತ್ತರಾಣಿ, ನೆಗ್ಗಿಲು, ಕಾಂಗ್ರೆಸ್ ಗಿಡ ಅಗಲ ಎಲೆಯವು. ಗರಿಕೆ, ಜೇಕು, ನಾನಾ ತರದ ಹುಲ್ಲು ಕಿರಿದು ಎಲೆಯವು. 2,4-ಡಿ ಅಗಲ ಎಲೆಯದನ್ನ ಕೊಲ್ಲುತ್ತೆ, ಹುಲ್ಲಿನ ಜಾತಿಯನ್ನ ಹೆಚ್ಚು ಕಡಿಮೆ ಬಿಡುತ್ತೆ. ಮೆಕ್ಕೆಜೋಳ ಹುಲ್ಲಿನ ಜಾತಿ ಆದ್ದರಿಂದ ಉಳೀತು, ಅಷ್ಟೇ.

ಹೇಗೆ ಕೊಲ್ಲುತ್ತೆ ಅನ್ನೋದನ್ನ ಸ್ವಲ್ಪ ತಾಳ್ಮೆಯಿಂದ ಕೇಳಿ. ಕೊಲ್ಲುವ ರೀತಿ ತಿಳಿದರೆ ಯಾವಾಗ ಹೊಡೀಬೇಕು, ಯಾವಾಗ ಹೊಡೆದರೆ ದುಡ್ಡು ಮಣ್ಣು ಅನ್ನೋದು ತಾನಾಗಿ ತಿಳಿಯುತ್ತೆ.

ಮನೆಯೊಳಗೆ ಕಿಟಕಿಯ ಹತ್ತಿರ ಒಂದು ಸಸಿ ಇಟ್ಟರೆ ಅದು ಬೆಳಕಿನ ಕಡೆ ಬಾಗುತ್ತೆ. ಇದು ಎಲ್ಲರೂ ಕಂಡದ್ದೇ. ಯಾಕೆ ಬಾಗುತ್ತೆ ಅಂತ ಕೂತು ಯೋಚಿಸಿದವರು ಇಂಗ್ಲೆಂಡಿನ ಚಾರ್ಲ್ಸ್ ಡಾರ್ವಿನ್ ಮತ್ತು ಅವನ ಮಗ ಫ್ರಾನ್ಸಿಸ್. ಹುಲ್ಲಿನ ಮೊಳಕೆಯ ತುದಿಗೆ ಒಂದು ಸಣ್ಣ ಟೋಪಿ ಹಾಕಿ ಬೆಳಕು ಬೀಳದ ಹಾಗೆ ಮಾಡಿದರೆ ಮೊಳಕೆ ಬಾಗಲೇ ಇಲ್ಲ. ಬೆಳಕು ಕಾಣೋದು ತುದಿಗೆ, ಬಾಗೋದು ಕೆಳಗಿನ ಭಾಗ. ಹಾಗಾದರೆ ತುದಿಯಿಂದ ಕೆಳಕ್ಕೆ ಏನೋ ಒಂದು ಇಳಿದು ಬರ್ತಾ ಇರಬೇಕು ಅಂತ 1880ರಲ್ಲಿ ಬರೆದರು. ಮುಂದೆ 1926ರಿಂದ 1928ರ ಸುಮಾರಿಗೆ ಹಾಲೆಂಡಿನ ಫ್ರಿಟ್ಸ್ ವೆಂಟ್ ಎಂಬಾತ ಓಟ್ಸ್ ಮೊಳಕೆಯ ತುದಿ ಕತ್ತರಿಸಿ ಆ ಇಳಿಯುವ ವಸ್ತುವನ್ನ ಬೇರೆ ಮಾಡಿ ತೋರಿಸಿದ. ಅದಕ್ಕೆ ಆಕ್ಸಿನ್ ಅಂತ ಹೆಸರು. ಗಿಡದ ಕುಡಿಯಲ್ಲಿ ತಯಾರಾಗಿ ಕೆಳಕ್ಕೆ ಇಳಿದು, ಇಲ್ಲಿ ಉದ್ದ ಬೆಳಿ, ಇಲ್ಲಿ ಬೇರು ಬಿಡು, ಇಲ್ಲಿ ಸುಮ್ಮನಿರು ಅಂತ ಹೇಳುವ ರಸ ಅದು. ಕುಡಿ ಚಿವುಟಿದರೆ ತೊಗರಿ ಪಕ್ಕಕ್ಕೆ ಕವಲು ಒಡೆಯುತ್ತಲ್ಲ, ಅದೂ ಈ ರಸದ ಆಟವೇ. ಗಿಡಕ್ಕೆ ಇದು ಬೇಕಾಗೋದು ಚಿಟಿಕೆಗಿಂತ ಚಿಟಿಕೆ. ಕೆಲಸ ಆದ ಮೇಲೆ ಗಿಡವೇ ಅದನ್ನ ಕರಗಿಸಿಬಿಡುತ್ತೆ.

1940ರಲ್ಲಿ ಇಂಗ್ಲೆಂಡಿನ ಜೀಲಟ್ಸ್ ಹಿಲ್ ಎಂಬಲ್ಲಿ, ಒಂದು ದೊಡ್ಡ ರಾಸಾಯನಿಕ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ, ಟೆಂಪಲ್‌ಮನ್ ಎಂಬಾತ ಓಟ್ಸ್ ಬೆಳೆಯಲ್ಲಿ ಕಾಡು ಸಾಸಿವೆ ಬೆಳೆದಿದ್ದ ಕಡೆ ಆಕ್ಸಿನ್ ತರಹದ್ದೇ ಒಂದು ಕೃತಕ ವಸ್ತು ಹಾಕಿ ನೋಡಿದ. ಸಾಸಿವೆ ಸತ್ತಿತು, ಓಟ್ಸ್ ಉಳಿಯಿತು. ಅದೇ ಕಾಲಕ್ಕೆ ಅಮೆರಿಕದವರೂ ಇದೇ ದಾರಿಯಲ್ಲಿದ್ದರು. ಯುದ್ಧದ ಕಾಲ ಆದ್ದರಿಂದ ಎರಡು ಕಡೆಯೂ ಗುಟ್ಟಾಗಿಟ್ಟರು. ಯುದ್ಧ ಮುಗಿಯುತ್ತಿದ್ದ ಹಾಗೆ 1945ರಲ್ಲಿ ಅಮೆರಿಕದ ಪೇಟೆಗೆ 2,4-ಡಿ ಬಂತು. ಎಂಬತ್ತು ವರ್ಷ ಹಳೆಯ ಸರಕು ಇದು. ಪೇಟೆಂಟ್ ಮುಗಿದು ಎಷ್ಟೋ ಕಾಲವಾಗಿದೆ, ಯಾವ ಕಂಪನಿ ಬೇಕಾದರೂ ಮಾಡಬಹುದು. ಹೊಸ ಹೆಸರಿನ ಡಬ್ಬಿ ತೋರಿಸಿ ಇದು ಈ ವರ್ಷ ಬಂದದ್ದು ಅಂತ ಅಂಗಡಿಯವನು ಹೇಳಿದರೆ, ಚೀಟಿಯಲ್ಲಿ ಒಳಗಿನ ಹೆಸರು ಓದಿಸಿ.

ಈ ಕೃತಕ ಆಕ್ಸಿನ್ ಗಿಡದ ಒಳಗೆ ಮಾಡುವ ಕೆಲಸ ಏನು? ಗಿಡದ ಜೀವಕಣದಲ್ಲಿ ಆಕ್ಸಿನ್ ಬಂದು ಕೂರುವ ಒಂದು ಜಾಗ ಇದೆ, ಬೀಗಕ್ಕೆ ಕೀಲಿ ಕೂತ ಹಾಗೆ. ಆ ಬೀಗ ಯಾವುದು ಅಂತ ವಿಜ್ಞಾನಿಗಳಿಗೆ ಗೊತ್ತಾದದ್ದೇ 2005ರಲ್ಲಿ, ಅಂದರೆ ಎಣ್ಣೆ ಮಾರಾಟಕ್ಕೆ ಬಂದು ಅರವತ್ತು ವರ್ಷ ಆದ ಮೇಲೆ. ಕೀಲಿ ಕೂತರೆ ಬೆಳವಣಿಗೆಗೆ ಹಾಕಿದ್ದ ತಡೆ ಬಿಡುತ್ತೆ. ಸ್ವಂತ ಆಕ್ಸಿನ್ ಆದರೆ ಗಿಡ ಅದನ್ನ ಕರಗಿಸಿ ಮತ್ತೆ ಬೀಗ ಹಾಕಿಕೊಳ್ಳುತ್ತೆ. 2,4-ಡಿ ಕರಗೋದಿಲ್ಲ, ಕೀಲಿ ಬೀಗದಲ್ಲೇ ಉಳೀತು. ಬೆಳಿ ಬೆಳಿ ಬೆಳಿ ಅನ್ನೋ ಅಪ್ಪಣೆ ನಿಲ್ಲೋದೇ ಇಲ್ಲ. ಕೆಲವು ಗಂಟೆಯೊಳಗೆ ಎಲೆಯ ತೊಟ್ಟು ತಿರುಚುತ್ತೆ, ಕುಡಿ ಕೆಳಕ್ಕೆ ಬಗ್ಗುತ್ತೆ. ಕಾಂಡ ಊದಿ ಬಿರಿಯುತ್ತೆ. ಬೇರಿನಿಂದ ನೀರು ಮೇಲಕ್ಕೆ, ಎಲೆಯಿಂದ ಅನ್ನ ಕೆಳಕ್ಕೆ ಹೋಗುವ ನಾಳಗಳೆಲ್ಲ ಅಡ್ಡಾದಿಡ್ಡಿ ಬೆಳೆದು ಮುಚ್ಚಿಹೋಗ್ತಾವೆ. ಒಂದು ವಾರದಿಂದ ಮೂರು ವಾರದೊಳಗೆ ಗಿಡ ಒಣಗಿ ಸಾಯುತ್ತೆ. ಸುಟ್ಟು ಸಾಯೋದಲ್ಲ ಇದು, ಬೆಳೆದು ಬೆಳೆದು ಸಾಯೋದು.

ಮೆಕ್ಕೆಜೋಳ ಯಾಕೆ ಉಳಿಯುತ್ತೆ ಅಂದರೆ ಕಾರಣ ಹಲವು. ಎಲೆ ನೆಟ್ಟಗೆ ನಿಂತು ಮೇಣ ಹಚ್ಚಿದ ಹಾಗೆ ಇರೋದರಿಂದ ಹನಿ ಜಾರುತ್ತೆ. ಬೆಳೆಯುವ ಕುಡಿ ಎಳೆಯದರಲ್ಲಿ ಸುಳಿಯ ಒಳಗೆ, ಬುಡದಲ್ಲಿ ಅಡಗಿರುತ್ತೆ. ನಾಳಗಳು ಕಾಂಡದ ತುಂಬ ಬಿಡಿಬಿಡಿಯಾಗಿ ಚದುರಿರುತ್ತವೆ, ಅಗಲ ಎಲೆಯ ಗಿಡದ ಹಾಗೆ ಸುತ್ತ ಬಳೆಯಾಗಿ ಇರೋದಿಲ್ಲ. ಎಲ್ಲಕ್ಕಿಂತ ಮುಖ್ಯ, ಒಳಗೆ ಹೋದ ಎಣ್ಣೆಯನ್ನ ಜೋಳ ಬೇಗ ಒಡೆದು ಹಾಕುತ್ತೆ. ಒಡೆದು ಹಾಕುವ ಈ ಶಕ್ತಿಗೂ ಒಂದು ಮಿತಿ ಇದೆ ಅನ್ನೋದನ್ನ ಮರೆಯಬೇಡಿ.

ಈಗ ನಮ್ಮ ಸೊಕ್ಕೆ ಸೀಮೆಗೆ ಬರೋಣ. ಚನ್ನಗಿರಿ, ಹೊನ್ನಾಳಿ ಕಡೆ ಭದ್ರಾ ನಾಲೆಯ ಗದ್ದೆಯವರಿಗೆ ನೀರು ಹರಿಸೋದು, ಬಸಿಯೋದು ಅವರ ಕೈಯಲ್ಲಿದೆ. ನಮ್ಮ ಜಗಳೂರು ತಾಲ್ಲೂಕಿನ ಹೊಲ ಮೋಡ ನೋಡಿಕೊಂಡು ಇರೋದು. ಈ ಎಣ್ಣೆ ಎಲೆಯ ಮೂಲಕ ಒಳಗೆ ಹೋಗಿ ರಸದ ಜೊತೆ ಕುಡಿಗೂ ಬೇರಿಗೂ ಹರಿಯಬೇಕು. ಹದಿನೈದು ದಿನ ಮಳೆ ಇಲ್ಲದೆ ಕಳೆ ಬಾಡಿ, ಎಲೆ ಗಟ್ಟಿಯಾಗಿ ನಿಂತಿದೆ ಅನ್ನಿ. ರಸದ ಓಡಾಟವೇ ನಿಂತಿರುತ್ತೆ. ಆಗ ಹೊಡೆದರೆ ಎಣ್ಣೆ ಎಲೆಯ ಮೇಲೆ ಒಣಗುತ್ತೆ, ಕಳೆ ಸ್ವಲ್ಪ ಸೊಟ್ಟಗಾಗಿ ಮುಂದಿನ ಮಳೆಗೆ ಮತ್ತೆ ಎದ್ದು ನಿಲ್ಲುತ್ತೆ. ಆಮೇಲೆ ಎಣ್ಣೆ ನಕಲಿ ಅಂತ ಬೈತೀವಿ. ನಕಲಿಯೂ ಇರಬಹುದು, ಆದರೆ ಎಷ್ಟೋ ಸಾರಿ ಹೊಡೆದ ದಿನ ತಪ್ಪಿರುತ್ತೆ. ಹದ ಇದ್ದಾಗ, ಕಳೆ ಎರಡರಿಂದ ನಾಲ್ಕು ಎಲೆಯ ಎಳೆಯದಿದ್ದಾಗ, ಹೊಡೆದ ಮೇಲೆ ಕೆಲವು ತಾಸು ಮಳೆ ಬಾರದ ದಿನ ನೋಡಿ ಹೊಡೆಯಬೇಕು. ಹೂ ಬಿಟ್ಟ ಕಾಂಗ್ರೆಸ್ ಗಿಡಕ್ಕೆ ಇದನ್ನ ಹೊಡೆಯೋದು ದಂಡ.

ಜೋಳದ ಕಡೆಯಿಂದಲೂ ಒಂದು ಗಡುವು ಇದೆ. ಬಿತ್ತಿ ಮೂರು ನಾಲ್ಕು ವಾರ, ಬೆಳೆ ಮೊಣಕಾಲೆತ್ತರ ಆಗುವ ತನಕ ಮಾತ್ರ. ಅದು ದಾಟಿದ ಮೇಲೆ, ಅದರಲ್ಲೂ ಬಿಸಿಲು ಮಳೆ ಚೆನ್ನಾಗಿ ಕೂಡಿ ಬೆಳೆ ಭರದಿಂದ ಏಳುವಾಗ ಹೊಡೆದರೆ ಜೋಳಕ್ಕೇ ಪೆಟ್ಟು. ಸುಳಿ ಸುತ್ತಿಕೊಳ್ಳುತ್ತೆ, ದಂಟು ಪೆಳಸಾಗಿ ಗಾಳಿಗೆ ಗಣ್ಣಿನಲ್ಲಿ ಮುರಿಯುತ್ತೆ, ಬುಡದ ಗಣ್ಣಿನಿಂದ ನೆಲಕ್ಕೆ ಇಳಿಯುವ ಆಸರೆ ಬೇರುಗಳು ಒಂದಕ್ಕೊಂದು ಅಂಟಿ ಮೊಂಡಾಗುತ್ತವೆ. ಕಳೆಯಿಂದ ಜೋಳಕ್ಕೆ ಹೆಚ್ಚು ನಷ್ಟ ಆಗೋದೂ ಮೊದಲ ಆರು ವಾರದಲ್ಲೇ. ತಡವಾಗಿ ಹೊಡೆದವನಿಗೆ ಕಳೆಯ ನಷ್ಟ ಆಗಲೇ ಆಗಿರುತ್ತೆ, ಮೇಲೆ ಎಣ್ಣೆಯ ನಷ್ಟ.

ಇಷ್ಟೆಲ್ಲ ಆದರೂ ನಾನು ನಿಜವಾಗಿ ಹೇಳಬೇಕು ಅಂತ ಬಂದದ್ದು ಅಕ್ಕಡಿ ಸಾಲಿನ ವಿಷಯ.

ನಮ್ಮ ಹಿರಿಯರು ಜೋಳ ಬಿತ್ತಿದರೂ ರಾಗಿ ಬಿತ್ತಿದರೂ ಇಷ್ಟು ಸಾಲಿಗೆ ಒಂದು ಅಂತ ತೊಗರಿ, ಅವರೆ, ಅಲಸಂದಿ ಅಕ್ಕಡಿ ಹಾಕ್ತಿದ್ದರು. ಮೆಕ್ಕೆಜೋಳ ಬಂದ ಮೇಲೂ ಕೆಲವರು ತೊಗರಿ ಸಾಲು ಉಳಿಸಿಕೊಂಡಿದ್ದೀರಿ. ಮಳೆ ಕೈಕೊಟ್ಟು ಜೋಳ ಸುಳಿಯಲ್ಲೇ ಒಣಗಿದ ವರ್ಷ ಕಡೆಗೆ ಉಳಿಯೋದು ಆ ತೊಗರಿ. ಅದರ ಬೇರು ಆಳಕ್ಕೆ ಹೋಗುತ್ತೆ, ಹಿಂಗಾರಿನ ಎರಡು ಮಳೆ ಬಿದ್ದರೂ ಕಾಯಿ ಕಟ್ಟುತ್ತೆ. ಬೇರಿನ ಗಂಟಿನಲ್ಲಿ ಗಾಳಿಯ ಸಾರಜನಕ ಹಿಡಿದು ನೆಲಕ್ಕೂ ಒಂದಿಷ್ಟು ಬಿಡುತ್ತೆ. ಈಗ ಹೇಳಿ, 2,4-ಡಿ ಹೊಡೆಯುವ ಹೊಲದಲ್ಲಿ ತೊಗರಿ ಸಾಲು ಇರಲಿಕ್ಕೆ ಸಾಧ್ಯವೇ? ತೊಗರಿ ಎರಡು ಬೇಳೆಯ ಗಿಡ. ಎಣ್ಣೆಯ ಪಾಲಿಗೆ ಅದೂ ಉತ್ತರಾಣಿಯೂ ಒಂದೇ. ಹೀಗಾಗಿ ಎಣ್ಣೆ ತರುವವನು ಬಿತ್ತುವ ದಿನವೇ ಅಕ್ಕಡಿ ಬಿಡಬೇಕು. ಬಿಟ್ಟ ತೊಗರಿಯನ್ನ ವರ್ಷಪೂರ್ತಿ ಅಂಗಡಿಯಿಂದ ಬೇಳೆಯಾಗಿ ಕೊಳ್ಳಬೇಕು. ಹೆಣ್ಣುಮಕ್ಕಳು ಕಳೆ ಕೀಳಲಿಕ್ಕೆ ಹೋಗಿ ಮಡಿಲಲ್ಲಿ ತರುತ್ತಿದ್ದ ಬೆರಕೆ ಸೊಪ್ಪು, ಆ ಅಣ್ಣೆ ಸೊಪ್ಪು, ಗೋಣಿಸೊಪ್ಪು, ಅದೂ ಹೋಯಿತು. ಅಂಗಡಿಯವನ ಲೆಕ್ಕದಲ್ಲಿ ಎಣ್ಣೆಯ ಖರ್ಚು ಇಷ್ಟು, ಆಳಿನ ಕೂಲಿ ಇಷ್ಟು, ಉಳಿತಾಯ ಇಷ್ಟು ಅಂತ ಮೂರೇ ಸಾಲು ಇರುತ್ತೆ. ತೊಗರಿ ಬೇಳೆಯ ಸಾಲು, ಸೊಪ್ಪಿನ ಸಾಲು ಆ ಲೆಕ್ಕದಲ್ಲಿ ಇಲ್ಲ. ಅದನ್ನ ನೀವು ಬರೆದುಕೊಳ್ಳಬೇಕು. ಬರೆದುಕೊಂಡ ಮೇಲೂ ಎಣ್ಣೆಯೇ ಅಗ್ಗ ಅಂತ ಬಂದರೆ ಹೊಡೀರಿ, ನನ್ನ ತಕರಾರಿಲ್ಲ. ಕಳೆಗೆ ಆಳು ಸಿಗೋದಿಲ್ಲ ಅನ್ನೋ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಆದರೆ ಎತ್ತು ಇರುವವನು ಸಾಲು ನೆಟ್ಟಗೆ ಬಿತ್ತಿ ಸರಿಯಾದ ಹದಕ್ಕೆ ಎರಡು ಸಾರಿ ಎಡೆಕುಂಟೆ ಹೊಡೆದರೆ ಕುಂಟೆಗೆ ಸಿಗದ ಸಾಲಿನ ಒಳಗಿನ ಕಳೆಗೆ ಮಾತ್ರ ಕೈ ಬೇಕಾಗುತ್ತೆ. ಕುಂಟೆ ತೊಗರಿಯನ್ನೂ ಉಳಿಸುತ್ತೆ, ಮಣ್ಣಿನ ಹದವನ್ನೂ ಹಿಡಿಯುತ್ತೆ.

ಇನ್ನೊಂದು ಮಾತು. ಅಗಲ ಎಲೆಯದೆಲ್ಲ ಸತ್ತ ಜಾಗ ಖಾಲಿ ಇರೋದಿಲ್ಲ. ಗರಿಕೆ, ಜೇಕು, ಹುಲ್ಲು ಆ ಜಾಗ ಹಿಡೀತಾವೆ. ಜೇಕಿನ ಗಡ್ಡೆ ಈ ಎಣ್ಣೆಗೆ ಪೂರ್ತಿ ಸಾಯೋದಿಲ್ಲ. ಆಗ ಹುಲ್ಲಿಗೆ ಇನ್ನೊಂದು ಡಬ್ಬಿ, ಮೊಳಕೆಗೆ ಮುಂಚೆ ಅಟ್ರಜಿನ್, ಆಮೇಲೆ ಟೆಂಬೊಟ್ರಯೋನ್. ಒಂದು ಬಾಟಲಿ ಇನ್ನೊಂದು ಬಾಟಲಿಯನ್ನ ಕೈಹಿಡಿದು ಕರಕೊಂಡು ಬರುತ್ತೆ. ಒಂದೇ ಎಣ್ಣೆ ವರ್ಷ ವರ್ಷ ಹೊಡೆದರೆ ಅದಕ್ಕೆ ಸಾಯದ ಕಳೆಯೂ ಹುಟ್ಟುತ್ತೆ. ಕೆನಡಾದಲ್ಲಿ 2,4-ಡಿಗೆ ಬಗ್ಗದ ಕಾಡು ಗಜ್ಜರಿ ಕಂಡದ್ದು 1957ರಲ್ಲೇ.

ನೆರೆಹೊರೆಯ ಮಾತು. ಜಗಳೂರು ಸೀಮೆಯ ಗಾಳಿ ಎಂಥದು ಅಂತ ಅಣಬೂರು, ಅರಿಶಿಣಗುಂಡಿ ಕಡೆ ಗಾಳಿ ಫ್ಯಾನು ನಿಲ್ಲಿಸಿದವರಿಗೆ ಚೆನ್ನಾಗಿ ಗೊತ್ತು. ಆ ಫ್ಯಾನು ಜೋರಾಗಿ ತಿರುಗುವ ಮುಂಗಾರಿನ ತಿಂಗಳಲ್ಲೇ ನಾವು ಎಣ್ಣೆ ಹೊಡೆಯೋದು. ಸಣ್ಣ ಹನಿ ಗಾಳಿಗೆ ಎಷ್ಟೋ ದೂರ ಹೋಗುತ್ತೆ. ಪಕ್ಕದಲ್ಲಿ ಹತ್ತಿ ಇದ್ದರೆ ಮುಗಿಯಿತು. ಈ ಎಣ್ಣೆಗೆ ಹತ್ತಿಯಷ್ಟು ಸೂಕ್ಷ್ಮದ ಬೆಳೆ ಬಹಳ ಕಡಿಮೆ. ಹತ್ತಿಯ ಎಲೆ ಸೀಳಿ ಬೆಂಡೆ ಎಲೆಯ ಹಾಗೆ ಬೆರಳು ಬೆರಳಾಗಿ ಬಂದರೆ ಅದು ರೋಗವಲ್ಲ, ಕೀಟವೂ ಅಲ್ಲ, ಎಲ್ಲಿಂದಲೋ 2,4-ಡಿ ತಾಗಿದೆ ಅಂತ ತಿಳೀರಿ. ಅದಕ್ಕೆ ಮತ್ತೊಂದು ಔಷಧಿ ತಂದು ಹೊಡೆಯೋದು ದಂಡದ ಮೇಲೆ ದಂಡ. ಶೇಂಗಾ, ಸೂರ್ಯಕಾಂತಿ, ಟೊಮ್ಯಾಟೊ, ಮೆಣಸಿನಕಾಯಿಗೂ ಭಯವಿದೆ. ಇದೇ ಜಾತಿಯ ಡೈಕಾಂಬ ಎಂಬ ಎಣ್ಣೆ ಅಮೆರಿಕದಲ್ಲಿ 2017ರ ಒಂದೇ ಹಂಗಾಮಿನಲ್ಲಿ ಸುಮಾರು 36 ಲಕ್ಷ ಎಕರೆ ಸೋಯಾ ಅವರೆಯನ್ನ ಮುರುಟಿಸಿತು ಅಂತ ಅಲ್ಲಿನ ವಿಶ್ವವಿದ್ಯಾಲಯದವರು ಅಂದಾಜು ಮಾಡಿದರು. ನೆರೆಯವರು ನೆರೆಯವರ ಮೇಲೆ, ರೈತರು ಕಂಪನಿಗಳ ಮೇಲೆ ಕೋರ್ಟಿಗೆ ಹೋದರು. ಸಾವಿರಾರು ಎಕರೆಯ ಅವರಿಗೇ ಬದು ಕಾಯೋದು ಕಷ್ಟವಾಯಿತು. ನಮ್ಮ ಎರಡೆಕರೆ ಮೂರೆಕರೆಯ ತುಂಡುಗಳಲ್ಲಿ ಬದು ಅಂದರೆ ಎಷ್ಟು ಮೊಳ?

ಅದಕ್ಕೇ ಯಾವ ರೂಪದ್ದು ಅಂತ ಕೇಳಿ ತನ್ನಿ. ಸೋಡಿಯಂ ಲವಣ ಪುಡಿಯಾಗಿ ಬರುತ್ತೆ, ಅಮೈನ್ ಲವಣ ದ್ರವವಾಗಿ ಬರುತ್ತೆ. ಈ ಎರಡೂ ಬಿಸಿಲಿಗೆ ಆವಿಯಾಗೋದು ಬಹಳ ಕಡಿಮೆ. ಈಥೈಲ್ ಎಸ್ಟರ್ ಅಂತ ಇರೋದು ಹೊಡೆದ ಮೇಲೂ ಬಿಸಿಲಿಗೆ ಆವಿಯಾಗಿ ಎದ್ದು ಪಕ್ಕದ ಹೊಲಕ್ಕೆ ಹೋಗುತ್ತೆ. ಹತ್ತಿಯ ಪಕ್ಕದಲ್ಲಿ ಎಸ್ಟರ್ ಬೇಡವೇ ಬೇಡ. ಪಂಪಿನ ವಿಷಯವೂ ಅಷ್ಟೇ. ಕಳೆ ಎಣ್ಣೆ ಹೊಡೆದ ಪಂಪನ್ನ ಸುಮ್ಮನೆ ಕುಲುಕಿಸಿ ತೊಳೆದು ಮಾರನೇ ದಿನ ಹತ್ತಿಗೋ ತೊಗರಿಗೋ ಕೀಟದ ಔಷಧಿ ಹೊಡೆದು ಬೆಳೆ ಕಳಕೊಂಡವರು ಊರೂರಲ್ಲಿ ಇದ್ದಾರೆ. ನಾಲ್ಕು ಜನ ಕೂಡಿ ಕಳೆ ಎಣ್ಣೆಗೇ ಅಂತ ಒಂದು ಹಳೇ ಪಂಪು ಬೇರೆ ಇಟ್ಟುಕೊಳ್ಳಿ.

ಈಗ ದುಡ್ಡಿನ ಲೆಕ್ಕ. ಡಬ್ಬಿಯ ಮೇಲೆ ನೂರಕ್ಕೆ ಇಷ್ಟು ಅಂತ ಬರೆದಿರುತ್ತೆ. ಅದೇ ಅಸಲು. ಉಳಿದದ್ದು ಬೆರಕೆ. ಸೋಡಿಯಂ ಪುಡಿ ನೂರಕ್ಕೆ 80 ಅಂದರೆ ಒಂದು ಕಿಲೋದಲ್ಲಿ ಅಸಲು 800 ಗ್ರಾಂ. ಅಮೈನ್ ನೂರಕ್ಕೆ 58, ಲೀಟರಿನಲ್ಲಿ ಸುಮಾರು 580 ಗ್ರಾಂ. ಎಸ್ಟರ್ ನೂರಕ್ಕೆ 38, ಸುಮಾರು 380 ಗ್ರಾಂ. ಬೆಲೆ ಊರಿಗೊಂದು ಇರುತ್ತೆ, ಲೆಕ್ಕಕ್ಕೆ ಮಾತ್ರ ಹೀಗೆ ಹಿಡಿಯಿರಿ: ಪುಡಿಗೆ 480 ರೂಪಾಯಿ, ಅಮೈನಿಗೆ 435, ಎಸ್ಟರಿಗೆ 342. ಬಾಟಲಿ ನೋಡಿದರೆ 342ರದ್ದು ಅಗ್ಗ. ನೂರು ಗ್ರಾಂ ಅಸಲಿಗೆ ಲೆಕ್ಕ ಹಾಕಿದರೆ ಪುಡಿ 60 ರೂಪಾಯಿ, ಅಮೈನ್ 75, ಎಸ್ಟರ್ 90. ಎಕರೆಗೆ ಬೇಕಾಗುವ ಪ್ರಮಾಣವೂ ಒಂದೊಂದಕ್ಕೆ ಬೇರೆ, ಅದು ಚೀಟಿಯಲ್ಲಿ ಇರುತ್ತೆ, ಆದ್ದರಿಂದ ಕೊನೆಗೆ ಎಕರೆಗೆ ಎಷ್ಟು ಬಿತ್ತು ಅಂತಲೂ ನೋಡಿ. ಆಮೇಲೆ ಉದ್ರಿಯ ಲೆಕ್ಕ ಕೂಡಿಸಿ. ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿಯಾದರೆ ಜೂನಿನಲ್ಲಿ ತಂದ 500 ರೂಪಾಯಿ ಮಾಲು ನವೆಂಬರಿನಲ್ಲಿ ಜೋಳ ತೂಗುವಾಗ 550 ಆಗಿರುತ್ತೆ. ಅಂಗಡಿಯವನೇ ಜೋಳವನ್ನೂ ಕೊಳ್ಳುವವನಾದರೆ ತೂಕದಲ್ಲಿ ಎಷ್ಟು ಹೋಯಿತು ಅನ್ನೋದು ಬೇರೆ ಭಾಷಣಕ್ಕೆ ಆಗುವಷ್ಟಿದೆ. ಉದ್ರಿ ತಂದರೂ ಬಿಲ್ಲು ಬಿಡಬೇಡಿ. 1968ರ ಕೀಟನಾಶಕ ಕಾಯ್ದೆ ಕಳೆನಾಶಕಕ್ಕೂ ಸೇರುತ್ತೆ. ಲಾಟ್ ನಂಬರು, ತಯಾರಾದ ತಾರೀಖು ಬರೆದ ಬಿಲ್ಲು ಇಲ್ಲದೆ ನಕಲಿ ಮಾಲಿನ ಮೇಲೆ ದೂರು ಕೊಟ್ಟರೆ ಯಾವ ಅಧಿಕಾರಿಯೂ ಕಿವಿಗೆ ಹಾಕಿಕೊಳ್ಳೋದಿಲ್ಲ.

ಮೈಗೆ ಏನಾಗುತ್ತೆ ಅಂತ ಹೆಣ್ಣುಮಕ್ಕಳು ಕೇಳ್ತಾರೆ, ಗಂಡಸರು ಕೇಳೋದಿಲ್ಲ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕ ಕಾಡಿನ ಮೇಲೆ ಸುರಿದ ಏಜೆಂಟ್ ಆರೆಂಜ್‌ನಲ್ಲಿ ಅರ್ಧ ಪಾಲು 2,4-ಡಿ ಇತ್ತು ಅನ್ನೋದು ನಿಜ. ಆದರೆ ಅಲ್ಲಿ ಪೀಳಿಗೆಗಳನ್ನ ಕಾಡಿದ ಡಯಾಕ್ಸಿನ್ ವಿಷ ಮುಖ್ಯವಾಗಿ ಇನ್ನರ್ಧ ಪಾಲಾದ 2,4,5-ಟಿ ಎಂಬುದರ ಜೊತೆ ಬಂದದ್ದು. ಎರಡನ್ನೂ ಒಂದೇ ಅಂತ ಹೇಳಿ ಹೆದರಿಸೋದು ಸರಿಯಲ್ಲ. ಹಾಗಂತ 2,4-ಡಿ ಪಾನಕವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಇದನ್ನ ಮನುಷ್ಯರಿಗೆ ಕ್ಯಾನ್ಸರ್ ತರುವ ಸಂಭವ ಇರಬಹುದು ಎಂಬ ಪಟ್ಟಿಗೆ ಸೇರಿಸಿತು. ನಮ್ಮ ಕೇಂದ್ರ ಸರ್ಕಾರ 2020ರ ಮೇ ತಿಂಗಳಲ್ಲಿ ನಿಷೇಧಿಸಲು ಹೊರಟ 27 ವಿಷಗಳ ಕರಡು ಪಟ್ಟಿಯಲ್ಲಿ ಇದೂ ಇತ್ತು, 2023ರ ಕೊನೆಯ ಆದೇಶದಲ್ಲಿ ನಿಷೇಧವಾದವುಗಳಲ್ಲಿ ಇದು ಇರಲಿಲ್ಲ. ಕಣ್ಣಿಗೆ ಬಿದ್ದರೆ ಇದು ಬಹಳ ಕೆಟ್ಟದ್ದು, ತಕ್ಷಣ ನೀರಲ್ಲಿ ಹದಿನೈದು ನಿಮಿಷ ತೊಳೆದು ಡಾಕ್ಟರ ಹತ್ತಿರ ಹೋಗಬೇಕು. ಬೀಡಿ ಸೇದುತ್ತಾ, ಬರಿಗೈಯಲ್ಲಿ ಕಲಸುತ್ತಾ ಹೊಡೆಯೋದನ್ನ ಬಿಡಿ. ಖಾಲಿ ಡಬ್ಬಿ ಮನೆಗೆ ತರಬೇಡಿ.

ದನದ ವಿಷಯದಲ್ಲಿ ಒಂದು ಎಚ್ಚರ. ಎಣ್ಣೆ ತಗುಲಿ ಮುರುಟಿದ ಕೆಲವು ಕಳೆ ದನಕ್ಕೆ ಮೊದಲಿಗಿಂತ ರುಚಿಯಾಗುತ್ತೆ, ಮಾಮೂಲು ಮೂಸಿ ಬಿಡುವ ವಿಷದ ಗಿಡವನ್ನೂ ಆಗ ಮೇಯುತ್ತೆ. ಹೊಡೆದ ಹೊಲಕ್ಕೆ ಚೀಟಿಯಲ್ಲಿ ಹೇಳಿದಷ್ಟು ದಿನ ದನ ಬಿಡಬೇಡಿ, ಆ ಕಳೆ ಕೊಯ್ದು ಕೊಟ್ಟಿಗೆಗೂ ಹಾಕಬೇಡಿ.

ಈ ಹಂಗಾಮಿಗೆ ಒಂದು ಕೆಲಸ ಮಾಡಿ. ಎಣ್ಣೆ ಹೊಡೆಯುವವರು ಹೊಲದ ಒಂದು ಕಡೆ ಹತ್ತು ಸಾಲು ಎಣ್ಣೆ ಇಲ್ಲದೆ ಬಿಡಿ, ಅಲ್ಲಿ ತೊಗರಿ ಅಕ್ಕಡಿ ಹಾಕಿ, ಎಡೆಕುಂಟೆ ಹೊಡೀರಿ. ಗಾಳಿಯ ಮಗ್ಗುಲಿಗೆ ಬಿಡಿ, ಇಲ್ಲದಿದ್ದರೆ ಹನಿ ಬಂದು ತೊಗರಿ ಹೋಗುತ್ತೆ. ಕೂಲಿ, ಕುಂಟೆ, ಎಣ್ಣೆ, ಬಡ್ಡಿ, ಜೋಳ, ತೊಗರಿ, ಎಲ್ಲವನ್ನೂ ಎರಡು ಕಡೆಯದೂ ಬೇರೆ ಬೇರೆ ಬರೆದಿಡಿ. ತೊಗರಿ ಬಡಿದ ಮೇಲೆ ಆ ಲೆಕ್ಕದ ಹಾಳೆ ತಗೊಂಡು ಬನ್ನಿ, ಪತ್ರಿಕೆಗೂ ಕಳಿಸಿ. ಕೃಷಿ ಇಲಾಖೆಯವರ ಮುಂದೆ ಬೆಲೆಯ ಮಾತಿಗೆ ಕೂರುವಾಗ ಖರ್ಚು ಎಷ್ಟು ಅಂತ ಅವರು ಕೇಳ್ತಾರೆ, ಆಗ ನಮ್ಮ ಕೈಯಲ್ಲಿ ಆ ಹಾಳೆ ಇರಬೇಕು.